ನಾಯಿಕೆಮ್ಮು: ವರದಿ ‘ನೆಗೆಟಿವ್’ ಬಂದರೆ ಕಾಯಿಲೆ ಇಲ್ಲವೆಂದೇ?

ಮಗುವಿನ ಕೆಮ್ಮು ಎರಡು ವಾರ ದಾಟಿದರೆ ತಂದೆತಾಯಿ ಮಗುವಿನ ಜೊತೆಗೆ ವರದಿಗಳ ಚೀಲವನ್ನೂ ಹಿಡಿದು ಬರುತ್ತಾರೆ. ಚನ್ನರಾಯಪಟ್ಟಣದಲ್ಲಿ ಮಾಡಿಸಿದ ರಕ್ತ ಪರೀಕ್ಷೆ, ಹಾಸನದಲ್ಲಿ ತೆಗೆಸಿದ ಎಕ್ಸ್-ರೇ, ಬೆಂಗಳೂರಿನ ಲ್ಯಾಬ್‌ನಿಂದ ಮೊಬೈಲ್‌ಗೆ ಬಂದ ಫಲಿತಾಂಶ, ಎಲ್ಲವೂ ಅದರಲ್ಲಿರುತ್ತವೆ. “ಡಾಕ್ಟರ್ ಸಾಬ್, ಕಾಲಿ ಖಾಂಸಿ ಇರಬಹುದೆಂದು ಟೆಸ್ಟ್ ಮಾಡಿಸಿದೆವು. ನೆಗೆಟಿವ್ ಬಂತು. ಹಾಗಾದರೆ ಅದು ಅಲ್ಲ ತಾನೆ?” ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಮೊದಲು ಮೂರು ವಿಷಯ ತಿಳಿಯಬೇಕು. ಕೆಮ್ಮು ಶುರುವಾಗಿ ಎಷ್ಟನೇ ದಿನಕ್ಕೆ ಪರೀಕ್ಷೆ ಮಾಡಿಸಿದಿರಿ? ಮಾಡಿಸಿದ್ದು ಯಾವ ಪರೀಕ್ಷೆ? ಮಾದರಿಯನ್ನು ಎಲ್ಲಿಂದ, ಹೇಗೆ ತೆಗೆದರು? ಈ ಮೂರೂ ಗೊತ್ತಿಲ್ಲದೆ ‘ನೆಗೆಟಿವ್’ ಎಂಬ ಪದವನ್ನು ನಂಬಿ ನಿಶ್ಚಿಂತರಾಗುವುದು ಅಪಾಯ. ಅದರಲ್ಲೂ ಮನೆಯಲ್ಲಿ ಎರಡು–ಮೂರು ತಿಂಗಳ ಹಸುಗೂಸು ಇದ್ದರಂತೂ ಈ ನಿಶ್ಚಿಂತೆ ದುಬಾರಿಯಾಗಬಹುದು.

ಕೆಮ್ಮಿನ ಸ್ವಭಾವ

ನಾಯಿಕೆಮ್ಮನ್ನು ಉರ್ದುವಿನಲ್ಲಿ ಕಾಲಿ ಖಾಂಸಿ ಎನ್ನುತ್ತೇವೆ, ಯುನಾನಿ ಗ್ರಂಥಗಳಲ್ಲಿ ಶಹೀಖಾ ಎಂಬ ಹೆಸರಿದೆ. ಹೆರಾತ್ ಪ್ರದೇಶದಲ್ಲಿದ್ದ ಯುನಾನಿ ವೈದ್ಯ ಬಹಾವುದ್ದೌಲಾ ರಾಝಿ 1501ರ ಸುಮಾರಿಗೆ ಬರೆದ ‘ಖುಲಾಸತುತ್ತಜಾರಿಬ್’ ಗ್ರಂಥದಲ್ಲಿ ಮಕ್ಕಳನ್ನು ಕಾಡಿದ ಇಂತಹ ಕೆಮ್ಮಿನ ಪಿಡುಗಿನ ವಿವರಣೆಯಿದೆ. ಆದರೆ ಅದಕ್ಕೆ ಕಾರಣವಾದ ರೋಗಾಣುವನ್ನು ಬೇರ್ಪಡಿಸಿ ಬೆಳೆಸಲು 1906ರವರೆಗೆ ಕಾಯಬೇಕಾಯಿತು. ಬೆಲ್ಜಿಯಂನ ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಝಾಂಗು ಎಂಬ ವಿಜ್ಞಾನಿಗಳು ಆ ಕೆಲಸ ಮಾಡಿದರು. ರೋಗಾಣುವಿನ ಹೆಸರು ಬೋರ್ಡೆಟೆಲ್ಲಾ ಪರ್ಟುಸಿಸ್.

ರೋಗಾಣು ಒಳಹೊಕ್ಕ ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ಲಕ್ಷಣ ಶುರುವಾಗುತ್ತದೆ. ಕಾಯಿಲೆ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲ ಒಂದೆರಡು ವಾರ ಬರೀ ನೆಗಡಿ, ಸ್ವಲ್ಪ ಕೆಮ್ಮು. ಯಾರಿಗೂ ಅನುಮಾನ ಬರುವುದಿಲ್ಲ. ಎರಡನೆಯ ಹಂತದಲ್ಲಿ ಕೆಮ್ಮು ಅಲೆ ಅಲೆಯಾಗಿ ಬರುತ್ತದೆ. ಉಸಿರು ತೆಗೆದುಕೊಳ್ಳಲು ಬಿಡುವಿಲ್ಲದಂತೆ ಕೆಮ್ಮಿ, ಕೊನೆಗೆ ‘ಹೂಪ್’ ಎಂದು ಉಸಿರೆಳೆದು, ಕುಡಿದದ್ದನ್ನೆಲ್ಲ ವಾಂತಿ ಮಾಡಿಕೊಳ್ಳುವುದು ಈ ಹಂತದಲ್ಲೇ. ಇದು ಒಂದರಿಂದ ಆರು ವಾರ, ಕೆಲವೊಮ್ಮೆ ಹತ್ತು ವಾರದವರೆಗೂ ಇರುತ್ತದೆ. ಆಮೇಲೆ ನಿಧಾನವಾಗಿ ಇಳಿಯುತ್ತದೆ. ನೂರು ದಿನದ ಕೆಮ್ಮು ಎಂಬ ಹೆಸರು ಬಂದದ್ದು ಹೀಗೆ.

ಪರೀಕ್ಷೆಯ ಸಮಸ್ಯೆ ಹುಟ್ಟುವುದೂ ಈ ಹಂತಗಳಿಂದಲೇ. ಮೂಗು–ಗಂಟಲಿನ ಹಿಂಭಾಗದಲ್ಲಿ ರೋಗಾಣುಗಳು ಅತಿ ಹೆಚ್ಚು ಇರುವುದು ಮೊದಲ ಎರಡು–ಮೂರು ವಾರ. ಆಗ ಕೆಮ್ಮು ನೋಡಿದರೆ ಸಾಧಾರಣ. ಕೆಮ್ಮು ಭೀಕರವಾಗಿ ನಾವು ಆಸ್ಪತ್ರೆಗೆ ಓಡುವ ಹೊತ್ತಿಗೆ ರೋಗಾಣುಗಳ ಸಂಖ್ಯೆ ಇಳಿಯುತ್ತಿರುತ್ತದೆ. ಅವು ಬಿಟ್ಟುಹೋದ ವಿಷದ ಹಾನಿಯೇ ಕೆಮ್ಮಾಗಿ ಉಳಿದಿರುತ್ತದೆ. ಕಳ್ಳ ಓಡಿಹೋದ ಮೇಲೆ ಮನೆ ಶೋಧಿಸಿದಂತೆ!

‘ಸೂಕ್ಷ್ಮತೆ’ ಎಂದರೇನು?

ಲ್ಯಾಬ್ ಪರೀಕ್ಷೆಯ ಬಗ್ಗೆ ಮಾತಾಡುವಾಗ ವೈದ್ಯರು ಎರಡು ಪದ ಬಳಸುತ್ತಾರೆ: ಸೂಕ್ಷ್ಮತೆ ಮತ್ತು ನಿರ್ದಿಷ್ಟತೆ. ಅಡುಗೆಮನೆಯ ಜರಡಿಯಿಂದ ಇವನ್ನು ತಿಳಿಯಬಹುದು.

ಹಿಟ್ಟಿನಲ್ಲಿ ನೂರು ಸಣ್ಣ ಹುಳುಗಳಿವೆ ಎಂದುಕೊಳ್ಳಿ. ನಿಮ್ಮ ಜರಡಿ ಅದರಲ್ಲಿ 90 ಹಿಡಿದರೆ ಅದರ ಸೂಕ್ಷ್ಮತೆ 100ಕ್ಕೆ 90. ಕಣ್ಣು ದೊಡ್ಡದಾದ ಜರಡಿ 40 ಮಾತ್ರ ಹಿಡಿದರೆ ಸೂಕ್ಷ್ಮತೆ 40. ಉಳಿದ 60 ಹುಳು ಹಿಟ್ಟಿನಲ್ಲೇ ಹೋದವು. ನಿರ್ದಿಷ್ಟತೆ ಬೇರೆ. ಜರಡಿಯಲ್ಲಿ ಉಳಿದದ್ದೆಲ್ಲ ನಿಜವಾಗಿ ಹುಳುವೇ, ಅಥವಾ ತವುಡನ್ನೂ ಹುಳು ಎಂದು ಎತ್ತಿ ಎಸೆದೆವೇ ಎಂಬುದು ಅದರ ಪ್ರಶ್ನೆ.

ಇದನ್ನೇ ಕಾಯಿಲೆಗೆ ಅನ್ವಯಿಸಿ. ನಾಯಿಕೆಮ್ಮು ನಿಜವಾಗಿಯೂ ಇರುವ ನೂರು ಮಕ್ಕಳಿಗೆ ಸೂಕ್ಷ್ಮತೆ 50 ಇರುವ ಪರೀಕ್ಷೆ ಮಾಡಿದರೆ ಐವತ್ತು ಮಕ್ಕಳ ಕೈಗೆ ‘ನೆಗೆಟಿವ್’ ಚೀಟಿ ಬರುತ್ತದೆ. ಆ ಐವತ್ತೂ ಮಕ್ಕಳಿಗೆ ಕಾಯಿಲೆ ಇದೆ! ಇದನ್ನು ಸುಳ್ಳು ನೆಗೆಟಿವ್ ಎನ್ನುತ್ತೇವೆ. ಆದ್ದರಿಂದ ಸೂಕ್ಷ್ಮತೆ ಕಡಿಮೆಯಿರುವ ಪರೀಕ್ಷೆ ‘ಇಲ್ಲ’ ಎಂದು ಹೇಳಿದರೆ ಪೂರ್ತಿ ನಂಬಲಾಗದು.

ಕಲ್ಚರ್: ನಂಬಿಕಸ್ಥ, ಆದರೆ ಬಲು ನಾಜೂಕು

ಕಲ್ಚರ್ ಎಂದರೆ ಮಾದರಿಯಲ್ಲಿರುವ ರೋಗಾಣುವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು. ಬೋರ್ಡೆ ಮತ್ತು ಝಾಂಗು ಇದಕ್ಕೆ ಆಲೂಗಡ್ಡೆ, ಗ್ಲಿಸರಿನ್ ಮತ್ತು ರಕ್ತ ಸೇರಿಸಿದ ಆಹಾರವನ್ನು ಸಿದ್ಧಪಡಿಸಿದ್ದರು. ಮುಂದೆ ಇದ್ದಿಲು ಬೆರೆಸಿದ ರೀಗನ್–ಲೋ ಎಂಬ ಆಹಾರ ಬಂತು. ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನಲ್ಲಿ 1930ರ ದಶಕದಲ್ಲಿ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಲ್ಯಾಬ್ ಕೆಲಸ ಮುಗಿಸಿ ಸಂಜೆ ಹೊತ್ತು ಸೀಮೆಎಣ್ಣೆ ದೀಪದ ಬೆಳಕಿನ ಬಡವರ ಮನೆಗಳಿಗೆ ಹೋಗುತ್ತಿದ್ದರು. ಕೆಮ್ಮುವ ಮಕ್ಕಳ ಬಾಯಿಯ ಮುಂದೆ ಈ ಆಹಾರದ ತಟ್ಟೆ ಹಿಡಿದು ರೋಗಾಣು ಸಂಗ್ರಹಿಸುತ್ತಿದ್ದರು. ಅವರ ಆ ದುಡಿಮೆಯಿಂದಲೇ ಪರಿಣಾಮಕಾರಿ ಲಸಿಕೆ ರೂಪುಗೊಂಡಿತು.

ಕಲ್ಚರ್‌ನ ಹೆಚ್ಚುಗಾರಿಕೆ ಏನೆಂದರೆ, ರೋಗಾಣು ಬೆಳೆದರೆ ಅನುಮಾನವೇ ಇಲ್ಲ. ನಿರ್ದಿಷ್ಟತೆ ನೂರಕ್ಕೆ ನೂರು ಎನ್ನಬಹುದು. ಆದರೆ ಸೂಕ್ಷ್ಮತೆ ಬೇರೆ ಬೇರೆ ಅಧ್ಯಯನಗಳಲ್ಲಿ 100ಕ್ಕೆ 12ರಿಂದ 60ರವರೆಗೆ ಮಾತ್ರ. ಈ ರೋಗಾಣು ದೇಹದಿಂದ ಹೊರಬಂದ ಕೂಡಲೇ ಸಾಯತೊಡಗುತ್ತದೆ. ಸರಿಯಾದ ದ್ರಾವಣದಲ್ಲಿಟ್ಟು ಬೇಗನೆ ಲ್ಯಾಬ್ ತಲುಪಿಸಬೇಕು. ನಮ್ಮ ತಾಲೂಕಿನಿಂದ ಮಾದರಿ ಬೆಂಗಳೂರು ಸೇರುವುದೆಂದರೆ ಸುಮಾರು 150 ಕಿಲೋಮೀಟರ್ ದಾರಿ. ಸಂಜೆ ತೆಗೆದ ಮಾದರಿ ಮರುದಿನ ಬಿಸಿಲಿನಲ್ಲಿ ಹೊರಟರೆ ಲ್ಯಾಬ್‌ನಲ್ಲಿ ಬೆಳೆಯಲು ಏನು ಉಳಿದೀತು? ಮೂರನೇ ವಾರದ ನಂತರ, ಲಸಿಕೆ ಹಾಕಿಸಿಕೊಂಡವರಲ್ಲಿ ಮತ್ತು ಆ್ಯಂಟಿಬಯಾಟಿಕ್ ಶುರುವಾದ ಮೇಲೆ ರೋಗಾಣು ಬೆಳೆಯುವ ಸಾಧ್ಯತೆ ಇನ್ನೂ ಇಳಿಯುತ್ತದೆ. ಅಂತಿಮ ವರದಿಗೆ ವಾರ, ಹತ್ತು ದಿನ ಹಿಡಿಯುತ್ತದೆ.

ಪಿಸಿಆರ್: ಕಣ್ಣು ಸಣ್ಣ ಜರಡಿ

ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ ಪರೀಕ್ಷೆ ಎಲ್ಲರಿಗೂ ನೆನಪಿದೆ. ನಾಯಿಕೆಮ್ಮಿಗೂ ಅದೇ ಬಗೆಯ ಪಿಸಿಆರ್ ಪರೀಕ್ಷೆ ಇದೆ. ಇದು ಬದುಕಿರುವ ರೋಗಾಣುವಿಗಾಗಿ ಕಾಯುವುದಿಲ್ಲ, ರೋಗಾಣುವಿನ ಡಿಎನ್‌ಎ ತುಣುಕನ್ನು ಹುಡುಕುತ್ತದೆ. ಸತ್ತ ರೋಗಾಣುವಾದರೂ ಸಾಕು. ಆದ್ದರಿಂದ ದೂರದ ದಾರಿ, ತಡವಾದ ಸಾಗಾಟ ಇದಕ್ಕೆ ಅಷ್ಟು ತೊಂದರೆ ಕೊಡುವುದಿಲ್ಲ. ಫಲಿತಾಂಶವೂ ಒಂದೆರಡು ದಿನಗಳಲ್ಲಿ ಬರುತ್ತದೆ.

ಇದರ ಸೂಕ್ಷ್ಮತೆ ಅಧ್ಯಯನಗಳಲ್ಲಿ 100ಕ್ಕೆ 70ರಿಂದ 99ರವರೆಗೆ ಕಂಡುಬಂದಿದೆ. ಹೆಚ್ಚಿನ ಲ್ಯಾಬ್‌ಗಳು ಹುಡುಕುವುದು ಐಎಸ್ 481 ಎಂಬ ತುಣುಕನ್ನು. ಒಂದೇ ರೋಗಾಣುವಿನೊಳಗೆ ಈ ತುಣುಕಿನ ಪ್ರತಿಗಳು 50ಕ್ಕೂ ಹೆಚ್ಚು, ಕೆಲವೊಮ್ಮೆ 200ಕ್ಕೂ ಮಿಕ್ಕಿ ಇರುತ್ತವೆ. ಹೀಗಾಗಿ ಮಾದರಿಯಲ್ಲಿ ರೋಗಾಣು ಬೆರಳೆಣಿಕೆಯಷ್ಟಿದ್ದರೂ ಸಿಕ್ಕಿಬೀಳುತ್ತದೆ.

ಆದರೆ ಪಿಸಿಆರ್‌ಗೂ ಗಡುವಿದೆ. ಕೆಮ್ಮು ಶುರುವಾದ ಮೊದಲ ಮೂರು ವಾರ ಇದಕ್ಕೆ ಒಳ್ಳೆಯ ಕಾಲ. ನಾಲ್ಕನೇ ವಾರ ದಾಟಿದ ಮೇಲೆ ಡಿಎನ್‌ಎ ಪ್ರಮಾಣ ತೀರಾ ಇಳಿದು ಸುಳ್ಳು ನೆಗೆಟಿವ್ ಬರುವ ಸಂಭವ ಹೆಚ್ಚು. ಸರಿಯಾದ ಆ್ಯಂಟಿಬಯಾಟಿಕ್ ಅನ್ನು ಐದು ದಿನ ತೆಗೆದುಕೊಂಡ ಮೇಲೆ ಮಾಡಿಸಿದರೂ ಹೆಚ್ಚು ಪ್ರಯೋಜನವಿಲ್ಲ.

ರಕ್ತದ ಆ್ಯಂಟಿಬಾಡಿ: ತಡವಾಗಿ ಬಂದ ಸಾಕ್ಷಿ

ಮೂರನೆಯದು ರಕ್ತ ತೆಗೆದು ಮಾಡುವ ಸೀರಾಲಜಿ. ರೋಗಾಣುವಿನ ವಿಷದ ವಿರುದ್ಧ ನಮ್ಮ ದೇಹ ತಯಾರಿಸುವ ಐಜಿಜಿ ಆ್ಯಂಟಿಬಾಡಿಯನ್ನು ಇದು ಅಳೆಯುತ್ತದೆ. ಆ್ಯಂಟಿಬಾಡಿ ತಯಾರಾಗಲು ದೇಹಕ್ಕೆ ಸಮಯ ಬೇಕು. ಹೀಗಾಗಿ ಕೆಮ್ಮು ಶುರುವಾದ ಎರಡನೇ ವಾರದಿಂದ ಎಂಟನೇ ವಾರದವರೆಗೆ, ಹೆಚ್ಚೆಂದರೆ ಹನ್ನೆರಡನೇ ವಾರದವರೆಗೆ ಇದು ಉಪಯುಕ್ತ. ಸ್ವಾಬ್ ಪರೀಕ್ಷೆಗಳ ಕಾಲ ಮುಗಿದ ಮೇಲೆ, ದೊಡ್ಡ ಮಕ್ಕಳಲ್ಲಿ ಮತ್ತು ವಯಸ್ಕರಲ್ಲಿ, ಇದು ಒಳ್ಳೆಯ ದಾರಿ.

ಎರಡು ಎಚ್ಚರಿಕೆಗಳಿವೆ. ಒಂದು, ಹಸುಗೂಸುಗಳಿಗೆ ಈ ಪರೀಕ್ಷೆ ಹೇಳಿದ್ದಲ್ಲ. ಅವರ ರಕ್ತದಲ್ಲಿ ತಾಯಿಯಿಂದ ಬಂದ ಆ್ಯಂಟಿಬಾಡಿ ಇರಬಹುದು, ಅವರದೇ ಆ್ಯಂಟಿಬಾಡಿ ಇನ್ನೂ ತಯಾರಾಗದೇ ಇರಬಹುದು. ಎರಡು, ಕಳೆದ ಒಂದು ವರ್ಷದೊಳಗೆ ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡಿದ್ದರೆ ಲಸಿಕೆಯ ಆ್ಯಂಟಿಬಾಡಿಯನ್ನೇ ಕಾಯಿಲೆಯೆಂದು ತಪ್ಪು ತಿಳಿಯುವ ಸಂಭವವಿದೆ. ಆದ್ದರಿಂದ ರಕ್ತ ಕೊಡುವ ಮೊದಲು ಲಸಿಕೆಯ ದಿನಾಂಕವಿರುವ ತಾಯಿ ಕಾರ್ಡ್ ಅನ್ನು ವೈದ್ಯರಿಗೆ ತೋರಿಸಿ. ಐಜಿಎಂ ಮತ್ತು ಐಜಿಎ ಎಂಬ ಹೆಸರಿನಲ್ಲಿ ಬರುವ ಫಲಿತಾಂಶಗಳು ಐಜಿಜಿಯಷ್ಟು ನಂಬಿಕೆಗೆ ಅರ್ಹವಲ್ಲ.

ಊರಿನಲ್ಲೇ ಸಿಗುವ ಸುಳಿವು

ತಾಲೂಕು ಮಟ್ಟದಲ್ಲೇ ಕಡಿಮೆ ಖರ್ಚಿನಲ್ಲಿ ಆಗುವ ಪರೀಕ್ಷೆಯೊಂದಿದೆ: ರಕ್ತಕಣಗಳ ಎಣಿಕೆ, ಅಂದರೆ ಸಿಬಿಸಿ. ಇದು ನಾಯಿಕೆಮ್ಮಿನ ಪರೀಕ್ಷೆ ಅಲ್ಲ, ಬರೀ ಸುಳಿವು. ರೋಗಾಣುವಿನ ವಿಷ ಲಿಂಫೋಸೈಟ್ ಎಂಬ ಬಿಳಿ ಕಣಗಳನ್ನು ರಕ್ತದಿಂದ ಹೊರಗೆ ಹೋಗಲು ಬಿಡುವುದಿಲ್ಲ. ಅವು ರಕ್ತದಲ್ಲೇ ರಾಶಿ ಬೀಳುತ್ತವೆ. ಕೆಮ್ಮುತ್ತಿರುವ ಹಸುಗೂಸಿನ ಬಿಳಿ ಕಣಗಳು ತುಂಬ ಏರಿ, ಅದರಲ್ಲೂ ಲಿಂಫೋಸೈಟ್ ಪಾಲೇ ಹೆಚ್ಚಿದ್ದರೆ ಮಕ್ಕಳ ವೈದ್ಯರು ತಕ್ಷಣ ನಾಯಿಕೆಮ್ಮನ್ನು ನೆನೆಯುತ್ತಾರೆ. ಎಣಿಕೆ ವೇಗವಾಗಿ ಏರುತ್ತಾ ಹೋಗುವುದು ಹಸುಗೂಸಿನಲ್ಲಿ ಅಪಾಯದ ಗುರುತು. ಆದರೆ ಲಸಿಕೆ ಪಡೆದ ಮಕ್ಕಳಲ್ಲಿ ಮತ್ತು ದೊಡ್ಡವರಲ್ಲಿ ಈ ಎಣಿಕೆ ಏರದೆಯೇ ಇರಬಹುದು. ಹಾಗಾಗಿ ಸಿಬಿಸಿ ಚೆನ್ನಾಗಿದೆ ಎಂದಾಕ್ಷಣ ನಾಯಿಕೆಮ್ಮು ಇಲ್ಲವೆಂದು ಅರ್ಥವಲ್ಲ.

ಯಾವ ವಾರಕ್ಕೆ ಯಾವ ಪರೀಕ್ಷೆ?

ಕೆಮ್ಮು ಶುರುವಾದ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿಕೊಳ್ಳಿ. ಆ ದಿನವೇ ಎಲ್ಲ ಲೆಕ್ಕಕ್ಕೂ ಆಧಾರ.

• ಮೊದಲ ಎರಡು ವಾರ: ಪಿಸಿಆರ್, ಅನುಕೂಲವಿದ್ದರೆ ಜೊತೆಗೆ ಕಲ್ಚರ್. ಎರಡೂ ಮಾಡಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

• ಮೂರು–ನಾಲ್ಕನೇ ವಾರ: ಪಿಸಿಆರ್. ದೊಡ್ಡ ಮಕ್ಕಳಿಗೆ ಮತ್ತು ವಯಸ್ಕರಿಗೆ ಜೊತೆಯಲ್ಲಿ ಐಜಿಜಿ ರಕ್ತ ಪರೀಕ್ಷೆಯೂ ಆಗಬಹುದು.

• ನಾಲ್ಕನೇ ವಾರದ ನಂತರ: ದೊಡ್ಡವರಿಗೆ ಐಜಿಜಿ ಮಾತ್ರ. ಸ್ವಾಬ್‌ಗೆ ಹಣ ಖರ್ಚು ಮಾಡಿ ಫಲವಿಲ್ಲ.

• ಹಸುಗೂಸು: ಪಿಸಿಆರ್ ಮತ್ತು ಸಿಬಿಸಿ. ಆ್ಯಂಟಿಬಾಡಿ ಪರೀಕ್ಷೆ ಬೇಡ.

ಇನ್ನೊಂದು ಮಾತು. ವಯಸ್ಕರಲ್ಲಿ ಎರಡು ವಾರ ಮೀರಿದ ಯಾವ ಕೆಮ್ಮಿಗೂ ಮೊದಲು ಕ್ಷಯರೋಗದ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ನಾಯಿಕೆಮ್ಮಿನ ಹಿಂದೆ ಹೋಗಿ ಕ್ಷಯವನ್ನು ಮರೆಯಬಾರದು.

ಕಡ್ಡಿಯಲ್ಲೇ ಅರ್ಧ ಫಲಿತಾಂಶ

ಎಷ್ಟೇ ಒಳ್ಳೆಯ ಪರೀಕ್ಷೆಯಾದರೂ ಮಾದರಿ ಸರಿಯಿಲ್ಲದಿದ್ದರೆ ವ್ಯರ್ಥ. ನಾಯಿಕೆಮ್ಮಿನ ರೋಗಾಣು ಮನೆ ಮಾಡುವುದು ಮೂಗಿನ ಹಿಂಬದಿಯಲ್ಲಿ, ಮೂಗು ಗಂಟಲಿಗೆ ಸೇರುವ ಜಾಗದಲ್ಲಿ. ಮೂಗಿನ ತುದಿಯಲ್ಲಿ ಸವರಿದ ಸ್ವಾಬ್ ಆಗಲಿ, ಬಾಯಿ ತೆರೆಸಿ ಗಂಟಲಿನಿಂದ ತೆಗೆದ ಸ್ವಾಬ್ ಆಗಲಿ ಸಾಲದು. ತೆಳುವಾದ ಕಡ್ಡಿಯನ್ನು ಮೂಗಿನ ತಳದ ಉದ್ದಕ್ಕೂ ಹಿಂದಿನವರೆಗೆ ಒಯ್ದು, ಕೆಲವು ಸೆಕೆಂಡ್ ಅಲ್ಲೇ ಇಟ್ಟು ತಿರುಗಿಸಿ ತೆಗೆಯಬೇಕು. ಮಗು ಅಳುತ್ತದೆ, ಕೆಮ್ಮುತ್ತದೆ. ಕರುಳು ಚುರುಕ್ ಎಂದು “ಸಾಕು ಬಿಡಿ” ಎನ್ನುವ ತಾಯಂದಿರಿದ್ದಾರೆ. ದಯವಿಟ್ಟು ಅರ್ಧಕ್ಕೆ ನಿಲ್ಲಿಸಬೇಡಿ. ಅರ್ಧ ಸ್ವಾಬ್ ಎಂದರೆ ಸುಳ್ಳು ನೆಗೆಟಿವ್‌ಗೆ ಆಹ್ವಾನ.

ಕಡ್ಡಿಯ ತುದಿಯಲ್ಲಿ ಹತ್ತಿ ಇರಬಾರದು. ಹತ್ತಿಯಲ್ಲಿರುವ ಕೊಬ್ಬಿನ ಆಮ್ಲಗಳು ಈ ರೋಗಾಣುವನ್ನು ಕೊಲ್ಲುತ್ತವೆ. ಪಿಸಿಆರ್‌ಗೆ ಪಾಲಿಯೆಸ್ಟರ್, ರೇಯಾನ್ ಅಥವಾ ನೈಲಾನ್ ತುದಿಯ ಕಡ್ಡಿ ಬೇಕು. ಸಾಧ್ಯವಾದರೆ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುಂಚೆಯೇ ಮಾದರಿ ತೆಗೆಸಿ. ನಮ್ಮ ತಾಲೂಕಿನಲ್ಲಿ ಸ್ವಾಬ್ ತೆಗೆದು ಹೊರಗಿನ ದೊಡ್ಡ ಲ್ಯಾಬ್‌ಗೆ ಕಳಿಸುವುದೇ ಸಾಮಾನ್ಯ. ಆದ್ದರಿಂದ ಮಾದರಿ ಇಂದೇ ಹೊರಡುತ್ತದೆಯೇ, ಯಾವ ದ್ರಾವಣದಲ್ಲಿ ಹೋಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. ಕೇಳುವುದು ಒರಟುತನವಲ್ಲ.

‘ಪಾಸಿಟಿವ್’ ಕೂಡ ಸುಳ್ಳಾಗಬಹುದು

ಜರಡಿಯ ಕಣ್ಣು ತೀರಾ ಸಣ್ಣದಾದರೆ ತವುಡೂ ಸಿಕ್ಕಿಕೊಳ್ಳುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಡಾರ್ಟ್‌ಮೌತ್–ಹಿಚ್‌ಕಾಕ್ ಆಸ್ಪತ್ರೆಯಲ್ಲಿ 2006ರಲ್ಲಿ ನಡೆದದ್ದು ಇದಕ್ಕೆ ಪ್ರಸಿದ್ಧ ಉದಾಹರಣೆ. ಕೆಮ್ಮು ಹರಡಿತೆಂದು ಸುಮಾರು ಒಂದು ಸಾವಿರ ಸಿಬ್ಬಂದಿಗೆ ಪಿಸಿಆರ್ ಮಾಡಿದರು. 140ಕ್ಕೂ ಹೆಚ್ಚು ಮಂದಿಗೆ ನಾಯಿಕೆಮ್ಮು ಇದೆ ಎಂದು ಹೇಳಲಾಯಿತು. ಸಾವಿರಾರು ಜನರಿಗೆ ಲಸಿಕೆ, ಆ್ಯಂಟಿಬಯಾಟಿಕ್ ಕೊಟ್ಟರು. ತಿಂಗಳುಗಳ ನಂತರ ಕಲ್ಚರ್ ಫಲಿತಾಂಶ ನೋಡಿದಾಗ ಒಬ್ಬರಲ್ಲೂ ಆ ರೋಗಾಣು ಬೆಳೆದಿರಲಿಲ್ಲ. ಅದು ಸಾಧಾರಣ ಶೀತ–ಕೆಮ್ಮು ಆಗಿತ್ತೆಂಬ ತೀರ್ಮಾನಕ್ಕೆ ಬಂದರು.

ಐಎಸ್ 481 ತುಣುಕು ಬೋರ್ಡೆಟೆಲ್ಲಾ ಹೋಮ್ಸಿಯೈ ಎಂಬ ಸಂಬಂಧಿ ರೋಗಾಣುವಿನಲ್ಲೂ ಇರುತ್ತದೆ. ಕೆಲವು ಲಸಿಕೆಗಳಲ್ಲಿ ರೋಗಾಣುವಿನ ಡಿಎನ್‌ಎ ಉಳಿದಿರುತ್ತದೆ. ಲಸಿಕೆ ಹಾಕಿದ ಕೋಣೆಯಲ್ಲೇ, ಅದೇ ಕೈಗವಸಿನಲ್ಲಿ ಸ್ವಾಬ್ ತೆಗೆದರೆ ಅದು ಮಾದರಿಗೆ ಸೇರಿಕೊಳ್ಳಬಹುದು. ಆದ್ದರಿಂದ ಕೆಮ್ಮಿನ ಲಕ್ಷಣವೇ ಇಲ್ಲದವರಿಗೆ ಪಿಸಿಆರ್ ಮಾಡಿಸಬಾರದು. ಹೆದರಿಕೆಯಿಂದ ಮನೆಮಂದಿಗೆಲ್ಲ ಸಾವಿರಾರು ರೂಪಾಯಿಯ ಪರೀಕ್ಷೆ ಮಾಡಿಸುವುದು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುವ ದಾರಿ.

ಹೀಗೆ ಎರಡೂ ಕಡೆ ತಪ್ಪಾಗುವ ಸಂಭವವಿರುವಾಗ ನಿರ್ಣಯ ಮಾಡುವವರು ಯಾರು? ರೋಗಿಯನ್ನು ಕಣ್ಣಾರೆ ನೋಡಿದ ವೈದ್ಯರು. ಸಿಡುಬನ್ನೂ ದಡಾರವನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆಂದು ಅಬೂಬಕರ್ ಅಲ್ ರಾಝಿ ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟರು. ಅವರ ಬಳಿ ಲ್ಯಾಬ್ ಇರಲಿಲ್ಲ. ರೋಗಿಯ ಮಗ್ಗುಲಲ್ಲಿ ಕುಳಿತು ಗಮನಿಸುವ ತಾಳ್ಮೆ ಇತ್ತು. ಇಂದು ಲ್ಯಾಬ್ ಇದೆ, ಆ ತಾಳ್ಮೆಯೂ ಜೊತೆಗಿರಬೇಕು.

ಹಸುಗೂಸಿಗೆ ವರದಿ ಬರುವವರೆಗೆ ಕಾಯಬೇಡಿ

ಒಂದು ಸಂದರ್ಭ ಊಹಿಸಿಕೊಳ್ಳಿ. ಎರಡು ತಿಂಗಳ ಮಗು. ಐದು ದಿನದಿಂದ ಕೆಮ್ಮು. ‘ಹೂಪ್’ ಶಬ್ದ ಇಲ್ಲ, ಜ್ವರವೂ ಇಲ್ಲ. ಆದರೆ ಹಾಲು ಕುಡಿಯುವಾಗ ಒಮ್ಮೊಮ್ಮೆ ಉಸಿರು ನಿಲ್ಲಿಸುತ್ತದೆ, ತುಟಿ ನೀಲಿಯಾಗುತ್ತದೆ. ಅದೇ ಮನೆಯಲ್ಲಿ ದಾದಿಮಾಗೆ ಮೂರು ವಾರದಿಂದ ಒಣಕೆಮ್ಮು. ತಂದೆ ಮಗುವಿನ ರಕ್ತ ಕೊಟ್ಟು ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿದ್ದಾರೆ. ನೆಗೆಟಿವ್ ಬಂದಿದೆ. ಮನೆಯವರು ಸಮಾಧಾನಪಟ್ಟುಕೊಂಡಿದ್ದಾರೆ.

ಇಲ್ಲಿ ಆ ಪರೀಕ್ಷೆ ಮಗುವಿನ ವಯಸ್ಸಿಗೂ ಸರಿಯಲ್ಲ, ಐದನೇ ದಿನಕ್ಕೂ ಸರಿಯಲ್ಲ. ಆ ವರದಿಗೆ ಬೆಲೆಯೇ ಇಲ್ಲ. ಮಗುವಿನ ನೀಲಿ ತುಟಿಗೆ ಮತ್ತು ದಾದಿಮಾಳ ಕೆಮ್ಮಿಗೆ ಬೆಲೆಯಿದೆ. ಈ ಮಗು ಅದೇ ಗಂಟೆಯಲ್ಲಿ ಮಕ್ಕಳ ವೈದ್ಯರಿರುವ ಆಸ್ಪತ್ರೆಗೆ ಹೋಗಬೇಕು. ನಮ್ಮವರಿಗೆ ತಾಲೂಕು ಆಸ್ಪತ್ರೆ, ಅಲ್ಲಿಂದ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಮೂರು ತಿಂಗಳೊಳಗಿನ ಮಕ್ಕಳಲ್ಲಿ ನಾಯಿಕೆಮ್ಮು ‘ಹೂಪ್’ ಎನ್ನದೆಯೇ ಬರಬಹುದು, ಉಸಿರು ನಿಲ್ಲುವುದೇ ಮೊದಲ ಲಕ್ಷಣವಾಗಬಹುದು. ಈ ಕಾಯಿಲೆಯಲ್ಲಿ ಸಾವಿನ ಭಾರ ಹೆಚ್ಚಾಗಿ ಬೀಳುವುದು ಈ ವಯಸ್ಸಿನವರ ಮೇಲೆಯೇ. ಕ್ಯಾಲಿಫೋರ್ನಿಯಾದಂತಹ ಎಲ್ಲ ಸೌಲಭ್ಯವಿರುವ ರಾಜ್ಯದಲ್ಲೂ 2010ರ ಪಿಡುಗಿನಲ್ಲಿ ಹತ್ತು ಹಸುಗೂಸುಗಳು ತೀರಿಕೊಂಡವು.

ಬಲವಾದ ಅನುಮಾನವಿದ್ದರೆ ವೈದ್ಯರು ಮಾದರಿ ತೆಗೆದು, ಫಲಿತಾಂಶಕ್ಕೆ ಕಾಯದೆ ಅಜಿಥ್ರೋಮೈಸಿನ್‌ನಂತಹ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ. ಮೊದಲ ವಾರಗಳಲ್ಲಿ ಕೊಟ್ಟರೆ ಕಾಯಿಲೆಯ ತೀವ್ರತೆ ತಗ್ಗಬಹುದು. ತಡವಾಗಿ ಕೊಟ್ಟರೆ ಕೆಮ್ಮು ಕಡಿಮೆಯಾಗದಿದ್ದರೂ ಇತರರಿಗೆ ಹರಡುವುದು ನಿಲ್ಲುತ್ತದೆ. ಐದು ದಿನದ ಔಷಧಿ ಮುಗಿಯುವವರೆಗೆ ರೋಗಿಯನ್ನು ಶಾಲೆ, ಮದ್ರಸಾ, ಮದುವೆ ಮನೆಗಳಿಂದ ದೂರ ಇಡಬೇಕು. ಔಷಧಿಯೇ ತೆಗೆದುಕೊಳ್ಳದಿದ್ದರೆ ಮೂರು ವಾರ ಹೀಗಿರಬೇಕು. ಲಸಿಕೆಯ ರಕ್ಷಣೆ ಇಲ್ಲದ ಮನೆಮಂದಿಯಲ್ಲಿ ನೂರಕ್ಕೆ 80ರಿಂದ 90 ಮಂದಿಗೆ ಇದು ಅಂಟಬಹುದು. ಆದ್ದರಿಂದ ಮನೆಯ ಉಳಿದವರಿಗೂ ಮುಂಜಾಗ್ರತೆಯ ಔಷಧಿ ಬೇಕೇ ಎಂದು ವೈದ್ಯರನ್ನು ಕೇಳಿ. ಮಾತ್ರೆ ಅಂಗಡಿಯಿಂದ ನೀವೇ ತಂದು ಕೊಡಬೇಡಿ. ಪ್ರಮಾಣ ತೂಕದ ಲೆಕ್ಕದ ಮೇಲೆ ನಿಲ್ಲುತ್ತದೆ.

ಮನೆಮದ್ದು, ಸಂಪ್ರದಾಯ ಮತ್ತು ಎಚ್ಚರ

ನಾನು ಯುನಾನಿ ವೈದ್ಯ. ಸಾಧಾರಣ ಕೆಮ್ಮಿಗೆ ಶರ್ಬತೆ ಝೂಫಾ, ಲಊಖೆ ಸಪಿಸ್ತಾನ್, ಜೋಶಾಂದಾ ಬರೆದುಕೊಡುತ್ತೇನೆ. ಗಂಟಲಿಗೆ ಅವು ಹಿತ. ಆದರೆ ನಾಯಿಕೆಮ್ಮು ಹಿಡಿದ ಹಸುಗೂಸಿನ ಉಸಿರು ನಿಲ್ಲುವುದನ್ನು ಯಾವ ಶರ್ಬತ್ತೂ ತಡೆಯದು, ಅಲೋಪಥಿಯ ಕೆಮ್ಮಿನ ಸಿರಪ್ಪೂ ತಡೆಯದು. ಜೇನುತುಪ್ಪ ಮತ್ತು ಜೇನು ಬೆರೆತ ಔಷಧಿಯನ್ನು ಒಂದು ವರ್ಷ ತುಂಬದ ಮಗುವಿಗೆ ಕೊಡಲೇಬಾರದು. ಜೇನಿನಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಬೀದಿಯಲ್ಲಿ ಕತ್ತೆ ಹೊಡೆದುಕೊಂಡು ಬಂದು “ಕತ್ತೆ ಹಾಲು” ಎಂದು ಕೂಗುವವರಿಂದ ಒಂದು ಚಮಚ ಕೊಂಡು ಕುಡಿಸುವ ರೂಢಿ ಈಗಲೂ ಇದೆ. ಕಾಯಿಸದ ಹಾಲು ಹಸುಗೂಸಿಗೆ ಬೇರೆ ಸೋಂಕು ತರಬಹುದು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಅದನ್ನು ನಂಬಿ ಕೂತ ನಾಲ್ಕೈದು ದಿನ. ದುಆ ಮಾಡಿ, ದಮ್ ಮಾಡಿಸಿ, ಅದರಲ್ಲಿ ತಪ್ಪಿಲ್ಲ. ಆದರೆ ಅದಕ್ಕಾಗಿ ಆಸ್ಪತ್ರೆಗೆ ಹೊರಡುವುದು ತಡವಾಗಬಾರದು.

ಮಗು ಹುಟ್ಟಿದಾಗ ತಹ್ನೀಕ್ ಮಾಡಿಸುವುದು ನಮ್ಮಲ್ಲಿ ಪ್ರೀತಿಯ ಸುನ್ನತ್. ಮನೆಯ ಹಿರಿಯರು ಖರ್ಜೂರ ಅಗಿದು ಮಗುವಿನ ಬಾಯಿಗೆ ಸವರುತ್ತಾರೆ. ಕೆಮ್ಮು ಇರುವವರು ಈ ಕೆಲಸಕ್ಕೆ ಮುಂದಾಗದೆ, ಆರೋಗ್ಯವಂತರಿಗೆ ಬಿಟ್ಟುಕೊಡಲಿ. ಅಖೀಖಾದ ದಿನ ಕೆಮ್ಮುವ ನೆಂಟರು ಮಗುವನ್ನು ಎತ್ತಿ ಮುದ್ದಿಸದೆ ದೂರದಿಂದಲೇ ಹರಸಲಿ. ತಾಯಿಯೂ ಇದನ್ನು ಹೇಳಲು ಸಂಕೋಚಪಡಬೇಕಿಲ್ಲ. ಸೀನುವಾಗ ಪ್ರವಾದಿ(ಸ)ರು ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚಿಕೊಳ್ಳುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಕೆಮ್ಮಿಗೂ ಅದೇ ಶಿಸ್ತು ಸಲ್ಲುತ್ತದೆ.

ಎಲ್ಲ ಪರೀಕ್ಷೆಗಿಂತ ಮೊದಲು

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 1980ರಲ್ಲಿ ಭಾರತದಲ್ಲಿ ವರದಿಯಾದ ನಾಯಿಕೆಮ್ಮಿನ ಪ್ರಕರಣಗಳು ಮೂರು ಲಕ್ಷಕ್ಕೂ ಹೆಚ್ಚು. ಲಸಿಕೆ ಊರೂರಿಗೂ ತಲುಪಿದ ಮೇಲೆ ಆ ಸಂಖ್ಯೆ ಬಹಳ ಇಳಿಯಿತು. ಹಾಗೆಂದು ಕಾಯಿಲೆ ಅಳಿದಿಲ್ಲ. ಲಸಿಕೆಯ ರಕ್ಷಣೆ ಕೆಲವು ವರ್ಷಗಳಲ್ಲಿ ಕ್ಷೀಣಿಸುತ್ತದೆ. ಒಮ್ಮೆ ಕಾಯಿಲೆ ಬಂದುಹೋದವರಿಗೂ ಆಜೀವ ರಕ್ಷಣೆಯಿಲ್ಲ. ಹೀಗಾಗಿ ಹರೆಯದವರು, ತಾಯಂದಿರು, ಅಜ್ಜ–ಅಜ್ಜಿಯರು ಬರೀ ‘ಮೊಂಡು ಕೆಮ್ಮು’ ಎಂದುಕೊಂಡು ಓಡಾಡುತ್ತಾ ಹಸುಗೂಸಿಗೆ ದಾಟಿಸುತ್ತಾರೆ.

ಸರ್ಕಾರದ ಕಾರ್ಯಕ್ರಮದಲ್ಲಿ ಪೆಂಟಾವ್ಯಾಲೆಂಟ್ ಲಸಿಕೆ 6, 10 ಮತ್ತು 14ನೇ ವಾರಕ್ಕೆ ಉಚಿತ. ಡಿಪಿಟಿ ಬೂಸ್ಟರ್ 16ರಿಂದ 24 ತಿಂಗಳೊಳಗೆ ಒಮ್ಮೆ, 5ರಿಂದ 6 ವರ್ಷಕ್ಕೆ ಇನ್ನೊಮ್ಮೆ. ಮೊದಲ ಮೂರು ಹಾಕಿಸಿ ಬೂಸ್ಟರ್ ಮರೆಯುವವರೂ ಇದ್ದಾರೆ. ಲಸಿಕೆಯ ದಿನ ಜ್ವರ, ತೊಡೆಯಲ್ಲಿ ಊತ ಬರುವುದುಂಟು. ಒಂದೆರಡು ದಿನದಲ್ಲಿ ಹೋಗುತ್ತದೆ. ಆ ಜ್ವರಕ್ಕೆ ಹೆದರಿ ಮುಂದಿನ ಡೋಸ್ ಬಿಡಬೇಡಿ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಟಿಡಿ ಲಸಿಕೆಯಲ್ಲಿ ನಾಯಿಕೆಮ್ಮಿನ ಅಂಶವಿಲ್ಲ. ಅದಿರುವ ಟಿಡ್ಯಾಪ್ ಖಾಸಗಿಯಾಗಿ ಸಿಗುತ್ತದೆ. ಗರ್ಭದ 27ರಿಂದ 36ನೇ ವಾರದೊಳಗೆ ತೆಗೆದುಕೊಂಡರೆ ತಾಯಿಯ ಆ್ಯಂಟಿಬಾಡಿ ಮಗುವಿಗೆ ದಾಟಿ, ಅದರ ಸ್ವಂತ ಲಸಿಕೆ ಶುರುವಾಗುವವರೆಗೆ ಕಾಯುತ್ತದೆ. ನಿಮ್ಮ ಪ್ರಸೂತಿ ವೈದ್ಯೆಯನ್ನು ವಿಚಾರಿಸಿ.

ಮುಂದಿನ ಸಲ ಲ್ಯಾಬ್‌ಗೆ ಹೋಗುವಾಗ ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಕೆಮ್ಮು ಶುರುವಾದ ದಿನಾಂಕ, ಕೊನೆಯ ಲಸಿಕೆಯ ದಿನಾಂಕ, ಆ್ಯಂಟಿಬಯಾಟಿಕ್ ಶುರು ಮಾಡಿದ್ದರೆ ಆ ದಿನಾಂಕ, ಮನೆಯಲ್ಲಿ ಬೇರೆ ಯಾರಿಗೆ ಎಂದಿನಿಂದ ಕೆಮ್ಮು. ಈ ನಾಲ್ಕು ಸಾಲು ವೈದ್ಯರ ಕೈಯಲ್ಲಿದ್ದರೆ ಯಾವ ಪರೀಕ್ಷೆ ಬೇಕು, ಬಂದ ವರದಿಯನ್ನು ಎಷ್ಟು ನಂಬಬೇಕು ಎಂದು ಅವರು ಹೇಳಬಲ್ಲರು. ಉಸಿರು ನಿಲ್ಲುವುದು, ತುಟಿ ನೀಲಿಯಾಗುವುದು, ಹಾಲು ಬಿಡುವುದು ಕಂಡರೆ ಮಾತ್ರ ಚೀಟಿ ಬರೆಯುತ್ತಾ ಕೂರಬೇಡಿ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ.